ಜಜ್ಜಿದ ಕಾರಿಗೆ ಜೀವ ತುಂಬುವ ಮುನ್ನ

ಬ್ರಿಟನ್ನಿನಲ್ಲಿ ಹದಿನೇಳು ವರ್ಷ ತುಂಬಿದವರು ಕಾರು ಕಲಿತು ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆಯಬಹುದು. ಆ ವಯಸ್ಸಿನವರ ಕನಸಿನಲ್ಲಿ ಸುಳಿಯುವುದು ಎರಡೇ ಸೀಟಿನ, ಮೇಲಿನ ಹೊದಿಕೆ ಮಡಚಬಲ್ಲ ಸ್ಪೋರ್ಟ್ಸ್ ಕಾರು. ಜೇಬಿನಲ್ಲಿರುವ ಹಣ ಮಾತ್ರ ಸಾಧಾರಣ ಹಳೆಯ ಕಾರಿಗೂ ಸಾಲದು. ಹೀಗಾಗಿ ಕೆಲವರ ಕಣ್ಣು ಅಪಘಾತದಲ್ಲಿ ಜಖಂಗೊಂಡ ಹಳೆಯ ಸ್ಪೋರ್ಟ್ಸ್ ಕಾರುಗಳ ಮೇಲೆ ಬೀಳುತ್ತದೆ. ಅಗ್ಗಕ್ಕೆ ಕೊಂಡು ಮನೆಯ ಗ್ಯಾರೇಜಿನಲ್ಲಿ ನಿಲ್ಲಿಸಿ, ರಜಾದಿನಗಳಲ್ಲಿ ಮನೆಯವರೊಡನೆ ಸೇರಿ ರಿಪೇರಿ ಮಾಡಿದರಾಯಿತು ಎಂಬ ಲೆಕ್ಕಾಚಾರ. ಲೆಕ್ಕ ಸರಿ ಹೋದರೆ ಅದರಂಥ ಪಾಠಶಾಲೆ ಇನ್ನೊಂದಿಲ್ಲ. ತಪ್ಪಿದರೆ ಹಣ ಮಾತ್ರವಲ್ಲ, ಪ್ರಾಣವೂ ಹೋಗಬಹುದು.

ಇಂಥ ಪ್ರಯತ್ನಕ್ಕೆ ಒದಗುವ ಕಾರುಗಳಲ್ಲಿ ಜಪಾನಿನ ಮಾಜ್ದಾ ಎಂಎಕ್ಸ್-5 ಮುಖ್ಯವಾದುದು. ಅದು ಮೊದಲು ಜನರ ಕಣ್ಣಿಗೆ ಬಿದ್ದದ್ದು 1989ರ ಫೆಬ್ರುವರಿಯಲ್ಲಿ, ಅಮೆರಿಕದ ಷಿಕಾಗೊ ಪ್ರದರ್ಶನದಲ್ಲಿ. 1960ರ ದಶಕದ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಮೋಜನ್ನು ಉಳಿಸಿಕೊಂಡು, ಅವುಗಳ ಕಾಟವನ್ನು ಕಳೆಯುವುದೇ ಅದರ ಗುರಿ. ಒಂದು ಟನ್ನಿನ ಆಸುಪಾಸಿನ ತೂಕ, 1.6 ಲೀಟರಿನ ಎಂಜಿನ್, ತಿರುಗುವ ಹಿಂದಿನ ಚಕ್ರಗಳು, ಮೇಲೆದ್ದು ಮಡಚಿಕೊಳ್ಳುವ ಹೆಡ್‌ಲೈಟುಗಳು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದೆಂದು 2000ದಲ್ಲಿ ಗಿನ್ನೆಸ್ ದಾಖಲೆ ಸೇರಿತು. 2016ರಲ್ಲಿ ಹತ್ತು ಲಕ್ಷದ ಕಾರು ಹೊರಬಂತು. ಇಷ್ಟೊಂದು ಸಂಖ್ಯೆಯಲ್ಲಿ ತಯಾರಾದುದರಿಂದ ಬಿಡಿಭಾಗಗಳಿಗೆ ಬರವಿಲ್ಲ. ರಿಪೇರಿಗೆ ಕೈಹಾಕುವವರಿಗೆ ಇದೇ ದೊಡ್ಡ ಅನುಕೂಲ.

ಇಂಥ ಕಾರು ಅಗ್ಗವಾಗುವುದು ಹೇಗೆ? ಅಪಘಾತವಾದಾಗ ವಿಮಾ ಕಂಪನಿ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತದೆ. ಒಂದು ಕಾರಿನ ಬೆಲೆ, ಇನ್ನೊಂದು ರಿಪೇರಿಯ ಖರ್ಚು. ಹಳೆಯ ಕಾರಿನ ಬೆಲೆ ಇಳಿದಿರುತ್ತದೆ. ಕೂಲಿ, ಹೊಸ ಭಾಗಗಳ ಬೆಲೆ ಏರಿರುತ್ತದೆ. ಬಾನೆಟ್, ಬಂಪರ್, ದೀಪ, ರೇಡಿಯೇಟರ್ ಹಾಳಾದರೂ ಸಾಕು, ರಿಪೇರಿ ಲಾಭದಾಯಕವಲ್ಲವೆಂದು ಕಂಪನಿ ಮಾಲೀಕನಿಗೆ ಪರಿಹಾರ ಕೊಟ್ಟು ಕಾರನ್ನು ತಾನು ಇಟ್ಟುಕೊಳ್ಳುತ್ತದೆ. ಅದು ಹರಾಜಿಗೆ ಬರುತ್ತದೆ.

ಬ್ರಿಟನ್ನಿನಲ್ಲಿ ಹೀಗೆ ಕೈಬಿಟ್ಟ ವಾಹನಗಳನ್ನು 2017ರ ಅಕ್ಟೋಬರಿನಿಂದ ನಾಲ್ಕು ವರ್ಗಗಳಾಗಿ ವಿಂಗಡಿಸಲಾಗುತ್ತಿದೆ. ‘ಎ’ ವರ್ಗದ ವಾಹನ ಪೂರ್ತಿಯಾಗಿ ಗುಜರಿಗೇ ಹೋಗಬೇಕು. ‘ಬಿ’ ವರ್ಗದ ಬಿಡಿಭಾಗಗಳನ್ನು ಬಳಸಬಹುದು, ಬಾಡಿ ಮಾತ್ರ ನಾಶವಾಗಬೇಕು. ‘ಎಸ್’ ವರ್ಗಕ್ಕೆ ಬಾಡಿಯ ಮೂಲ ಕಟ್ಟಿಗೇ ಪೆಟ್ಟಾಗಿದೆ, ಆದರೂ ರಿಪೇರಿ ಸಾಧ್ಯ. ‘ಎನ್’ ವರ್ಗದ್ದು ಕಟ್ಟಿಗೆ ತಾಗದ ಜಖಂ. ಹೊಸಬರಿಗೆ ಸಲ್ಲುವುದು ಈ ಕೊನೆಯ ವರ್ಗ. ಹಾಗೆಂದು ವರ್ಗದ ಅಕ್ಷರವನ್ನೇ ಕಣ್ಣುಮುಚ್ಚಿ ನಂಬುವಂತಿಲ್ಲ. ‘ಎನ್’ ಎಂದಾಕ್ಷಣ ಬ್ರೇಕು, ಸ್ಟಿಯರಿಂಗ್ ಸರಿಯಾಗಿವೆ ಎಂದೇನೂ ಅರ್ಥವಲ್ಲ.

ಕಟ್ಟಿನ ಮಾತಿಗೆ ಇಷ್ಟು ಮಹತ್ವ ಏಕೆ? ಇಂದಿನ ಕಾರುಗಳಿಗೆ ಲಾರಿಗಳಿಗಿರುವಂತೆ ಪ್ರತ್ಯೇಕ ಛಾಸಿಸ್ ಇರುವುದಿಲ್ಲ. ಒತ್ತಿದ ಉಕ್ಕಿನ ತಗಡುಗಳನ್ನು ಬೆಸೆದು ಮಾಡಿದ ಬಾಡಿಯೇ ಭಾರ ಹೊರುತ್ತದೆ. ಡಿಕ್ಕಿಯಾದಾಗ ಅದರ ಮುಂಭಾಗ ಬೇಕೆಂದೇ ಮಡಚಿಕೊಳ್ಳುತ್ತದೆ. ಚಲನ ಶಕ್ತಿ ವೇಗದ ವರ್ಗಕ್ಕೆ ಅನುಗುಣ ಎಂಬುದು ಭೌತಶಾಸ್ತ್ರದ ಪಾಠ. ಗಂಟೆಗೆ 40 ಕಿ.ಮೀ. ವೇಗದಲ್ಲಿರುವುದಕ್ಕಿಂತ 80 ಕಿ.ಮೀ.ನಲ್ಲಿ ಅದು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಆ ಶಕ್ತಿಯನ್ನು ತಗಡು ಮಡಚಿ ನುಂಗಿದರೆ ಒಳಗಿದ್ದವರು ಬದುಕುತ್ತಾರೆ.

ತಗಡು ಹೀಗೆ ನುಂಗುವುದು ಒಂದೇ ಸಲ. ತಂತಿಯನ್ನು ಒಂದೇ ಜಾಗದಲ್ಲಿ ಮಡಚಿ ಬಿಡಿಸುತ್ತಿದ್ದರೆ ಅದು ಗಡುಸಾಗಿ, ನಾಲ್ಕಾರು ಸಲಕ್ಕೆ ತುಂಡಾಗುತ್ತದೆ. ಕಾರಿನ ಉಕ್ಕೂ ಅಷ್ಟೆ. ಚಿಕ್ಕ ಬಾಗನ್ನು ಎಳೆದು ನೇರ ಮಾಡಬಹುದು. ಅಕಾರ್ಡಿಯನ್ನಿನಂತೆ ಮಡಚಿದ ಭಾಗವನ್ನು ಕಾಯಿಸಿ ಬಡಿದು, ಪುಟ್ಟಿ ಮೆತ್ತಿ, ಬಣ್ಣ ಬಳಿದರೆ ನೋಟಕ್ಕೆ ಹೊಸದೇ. ಮುಂದಿನ ಡಿಕ್ಕಿಯಲ್ಲಿ ಮಾತ್ರ ಅದು ಮಡಚಬೇಕಾದಲ್ಲಿ ಮಡಚುವುದಿಲ್ಲ, ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ. ಅಂಥ ಭಾಗವನ್ನು ಕತ್ತರಿಸಿ ತೆಗೆದು, ತಯಾರಕರು ಸೂಚಿಸಿದ ಜಾಗದಲ್ಲಿ ಹೊಸದನ್ನು ಬೆಸೆಯಬೇಕು. ಇದು ನುರಿತವರ ಕೆಲಸ, ರಜಾದಿನದ ಹವ್ಯಾಸವಲ್ಲ.

ಬಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಇಲ್ಲಿ ಒದಗುವುದು ಪ್ರೌಢಶಾಲೆಯ ರೇಖಾಗಣಿತ. ಕಾರಿನ ಅಡಿಯಲ್ಲಿ ಸಸ್ಪೆನ್ಷನ್ ಜೋಡಿಸುವ ಬಿಂದುಗಳು ಎಡಬಲದಲ್ಲಿ ಸಮನಾಗಿರುತ್ತವೆ. ಮುಂದಿನ ಎರಡು, ಹಿಂದಿನ ಎರಡು ಬಿಂದುಗಳನ್ನು ಗೆರೆಯಿಂದ ಸೇರಿಸಿದರೆ ಸಮದ್ವಿಬಾಹು ತ್ರಾಪಿಜ್ಯ ಆಗುತ್ತದೆ. ಅದರ ಎರಡು ಕರ್ಣಗಳು ಸಮ. ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಅಳೆದಾಗ ಒಂದು ಕರ್ಣ ಉದ್ದ, ಇನ್ನೊಂದು ಗಿಡ್ಡ ಬಂದರೆ ಬಾಡಿ ಓರೆಯಾಗಿದೆ ಎಂದೇ ಅರ್ಥ. ಮೊದಲ ಎಂಎಕ್ಸ್-5ರ ಮುಂದಿನ, ಹಿಂದಿನ ಚಕ್ರಗಳ ಕೇಂದ್ರಗಳ ನಡುವಿನ ಅಂತರ 2265 ಮಿ.ಮೀ. ಎಡಕ್ಕೂ ಬಲಕ್ಕೂ ಈ ಅಳತೆ ಹೊಂದದಿದ್ದರೆ ಒಂದು ಚಕ್ರ ಜಾಗ ಬಿಟ್ಟು ಸರಿದಿದೆ. ಆದರೆ ಕರ್ಣಗಳೆರಡೂ ಸಮ ಬಂದವೆಂದು ಹಿಗ್ಗಬಾರದು. ಮೂತಿ ನೆಟ್ಟಗೆ ಹಿಂದಕ್ಕೆ ತಳ್ಳಿಕೊಂಡಿದ್ದರೆ, ಇಲ್ಲವೇ ಮೇಲಕ್ಕೆ ಎದ್ದಿದ್ದರೆ, ಕರ್ಣಗಳು ಸಮನಾಗಿಯೇ ಇರುತ್ತವೆ. ಅದಕ್ಕೇ ತಯಾರಕರ ನಕ್ಷೆಯ ಉದ್ದ, ಅಗಲ, ಎತ್ತರ ಮೂರನ್ನೂ ತಾಳೆ ನೋಡಬೇಕು.

ಅಳತೆಯ ಜತೆಗೆ ಕಣ್ಣಿಗೂ ಕೆಲಸವಿದೆ. ಬಾಗಿಲಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ಮೇಲೆ ಕೆಳಗೆ ಒಂದೇ ಅಗಲವಿದೆಯೇ? ಬಾನೆಟ್ಟಿನ ಬೋಲ್ಟುಗಳ ಬಣ್ಣ ಕಿತ್ತಿದೆಯೇ? ಕಿತ್ತಿದ್ದರೆ ಯಾರೋ ಹಿಂದೊಮ್ಮೆ ಬಿಚ್ಚಿದ್ದಾರೆ. ಬೋಲ್ಟಿನಿಂದ ಕೂಡಿಸಿದ್ದು ಸುಲಭ, ಬೆಸೆದದ್ದು ಕಷ್ಟ ಎಂಬ ಸೂತ್ರವನ್ನು ನೆನಪಿಡಬೇಕು. ಎಂಎಕ್ಸ್-5ರಲ್ಲಿ ಮುಂದಿನ ಮಡ್‌ಗಾರ್ಡುಗಳು, ಅಲ್ಯೂಮಿನಿಯಂ ಬಾನೆಟ್, ಬಂಪರ್ ಬೋಲ್ಟಿನವು; ಹಿಂದಿನ ಮಡ್‌ಗಾರ್ಡ್ ಬಾಡಿಯೊಡನೆ ಬೆಸೆದದ್ದು. ಹೀಗಾಗಿ ಒಂದೇ ಗಾತ್ರದ ನೆಗ್ಗು ಮುಂದಿದ್ದರೆ ಅಗ್ಗ, ಹಿಂದಿದ್ದರೆ ದುಬಾರಿ.

ಹಳೆಯ ಕಾರಿಗೆ ಇನ್ನೊಂದು ಶತ್ರುವೂ ಇದೆ, ತುಕ್ಕು. ಮೇಲೆ ಗಟ್ಟಿ ಛಾವಣಿಯಿಲ್ಲದ ಕಾರಿನಲ್ಲಿ ಬಾಗಿಲ ಕೆಳಗಿನ ಹೊಸ್ತಿಲಿನಂಥ ಉದ್ದದ ಭಾಗವೇ ಬೆನ್ನೆಲುಬು. ಬಟ್ಟೆಯ ಹೊದಿಕೆಯ ಮೇಲೆ ಬಿದ್ದ ಮಳೆ ನೀರು ಹರಿದುಹೋಗುವ ಕೊಳವೆ ಕಸ ಕಟ್ಟಿ ಮುಚ್ಚಿದರೆ, ಆ ನೀರು ನಿಂತು ಹೊಸ್ತಿಲನ್ನು ಒಳಗಿನಿಂದಲೇ ತಿನ್ನುತ್ತದೆ. ಹಿಂದಿನ ಚಕ್ರದ ಮುಂದುಗಡೆಯ ಜಾಗವನ್ನು ಬೆರಳಿನಿಂದ ತಟ್ಟಿ ನೋಡದೆ ಹಣ ಕೊಟ್ಟವನು, ಡಿಕ್ಕಿಯ ರಿಪೇರಿಗೆ ಹೊರಟು ತುಕ್ಕಿನ ರಿಪೇರಿಯಲ್ಲಿ ಮುಳುಗುತ್ತಾನೆ.

ಕೊಂಡ ಮೇಲೆ ಕೆಲಸಕ್ಕೊಂದು ಕ್ರಮ ಬೇಕು. ಮೊದಲು ಕಟ್ಟು, ಆಮೇಲೆ ಸಸ್ಪೆನ್ಷನ್, ಸ್ಟಿಯರಿಂಗ್, ಬ್ರೇಕು, ಅನಂತರ ಎಂಜಿನ್ ತಂಪು ಮಾಡುವ ಭಾಗಗಳು, ಕೊನೆಗೆ ಬಣ್ಣ. ಅವಸರದವರು ಇದನ್ನು ತಲೆಕೆಳಗು ಮಾಡುತ್ತಾರೆ. ಉಬ್ಬಿದ ಏರ್‌ಬ್ಯಾಗ್, ಡಿಕ್ಕಿಯ ಭಾರ ಹೊತ್ತ ಸೀಟ್ ಬೆಲ್ಟ್ ಎರಡನ್ನೂ ಬದಲಿಸಲೇಬೇಕು; ಇಲ್ಲಿ ಉಳಿತಾಯದ ಮಾತೇ ಇಲ್ಲ. ಬಿಚ್ಚಿದ ಪ್ರತಿ ಬೋಲ್ಟನ್ನೂ ಹೆಸರು ಬರೆದ ಡಬ್ಬಿಗೆ ಹಾಕುವುದು, ಬಿಚ್ಚುವ ಮುನ್ನ ಫೋಟೊ ತೆಗೆದಿಡುವುದು ಸಣ್ಣ ಅಭ್ಯಾಸಗಳು, ಆದರೆ ತಿಂಗಳುಗಳನ್ನು ಉಳಿಸುತ್ತವೆ. ಬಣ್ಣದ ವಿಷಯದಲ್ಲಿ ಪಾಲಕರು ಕಟ್ಟುನಿಟ್ಟಾಗಿರಬೇಕು. ಗಟ್ಟಿಕಾರಕ ಬೆರೆಸಿ ಸಿಂಪಡಿಸುವ ಕಾರಿನ ಬಣ್ಣಗಳಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿರುತ್ತದೆ. ಅದರ ಮಂಜನ್ನು ಉಸಿರಾಡಿದವರಿಗೆ ಆಸ್ತಮಾ ಬರಬಹುದು. ಮುಖಕ್ಕೆ ಕಟ್ಟಿದ ಬಟ್ಟೆ ಅದನ್ನು ತಡೆಯದು. ಈ ಕೆಲಸವನ್ನು ಸೌಕರ್ಯವಿರುವ ಅಂಗಡಿಗೆ ಒಪ್ಪಿಸುವುದೇ ಜಾಣತನ.

ಇನ್ನು ಹಣದ ಲೆಕ್ಕ. ಹರಾಜಿನ ಬೆಲೆ ಬರಿಯ ಮೊದಲ ಸಾಲು. ಹರಾಜುದಾರರ ಶುಲ್ಕ, ಸಾಗಣೆ, ಬಿಡಿಭಾಗ, ಟೈರು, ಬಣ್ಣ, ವಾರ್ಷಿಕ ತಪಾಸಣೆ, ವಿಮೆ ಇವೆಲ್ಲ ಅದರ ಕೆಳಗಿನ ಸಾಲುಗಳು. ಹೊಸ ಚಾಲಕರ ವಿಮಾ ಕಂತೇ ಎಷ್ಟೋ ಸಲ ಕಾರಿನ ಬೆಲೆಯನ್ನು ಮೀರುತ್ತದೆ. ಬಿಚ್ಚಿದ ಮೇಲೆ ಕಾಣುವ ಜಖಂಗೆಂದು ಒಂದಿಷ್ಟು ತೆಗೆದಿಡಬೇಕು. ಎಲ್ಲ ಮುಗಿದರೂ ಅಪಘಾತದ ದಾಖಲೆ ಅಳಿಯುವುದಿಲ್ಲ. ಮಾರುವಾಗ ಅಂಥದೇ ನಿಷ್ಕಳಂಕ ಕಾರಿಗಿಂತ ಕಡಿಮೆ ಬೆಲೆಯೇ ಸಿಗುತ್ತದೆ. ಲಾಭದ ಆಸೆಯಿಂದ ಇದಕ್ಕೆ ಇಳಿಯಬಾರದು.

ಭಾರತದಲ್ಲೂ ರಿಪೇರಿ ಖರ್ಚು ವಿಮೆಯಲ್ಲಿ ಗೊತ್ತುಪಡಿಸಿದ ಮೌಲ್ಯದ ಶೇ 75ನ್ನು ಮೀರಿದರೆ ವಾಹನವನ್ನು ಪೂರ್ಣ ನಷ್ಟವೆಂದು ಪರಿಗಣಿಸುತ್ತಾರೆ. ಹೀಗೆ ಕೈಬಿಟ್ಟ ಕಾರು, ಬೈಕುಗಳನ್ನು ಕೊಳ್ಳುವವರಿಗೆ ಇಲ್ಲಿ ಇನ್ನೊಂದು ಅಪಾಯವಿದೆ. ಜಜ್ಜಿದ ವಾಹನದ ಕಾಗದಪತ್ರ, ಛಾಸಿಸ್ ಸಂಖ್ಯೆಗಳನ್ನು ಕದ್ದ ವಾಹನಕ್ಕೆ ಅಂಟಿಸಿ ಮಾರುವ ದಂಧೆ ಪೊಲೀಸರಿಗೆ ಹೊಸದಲ್ಲ. ವಾಹನ ಬಳಕೆಗೆ ಬಾರದಂತೆ ನಾಶವಾದರೆ ಮಾಲೀಕ ಹದಿನಾಲ್ಕು ದಿನಗಳಲ್ಲಿ ನೋಂದಣಿ ಕಚೇರಿಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯಿದೆ ಹೇಳುವುದು ಸುಮ್ಮನೆ ಅಲ್ಲ. ಆರ್.ಸಿ. ಪುಸ್ತಕದ ಸಂಖ್ಯೆಗೂ ಬಾಡಿಯ ಮೇಲೆ ಕೊರೆದ ಸಂಖ್ಯೆಗೂ ತಾಳೆಯಾಗದಿದ್ದರೆ ಎಷ್ಟೇ ಅಗ್ಗವಾಗಿದ್ದರೂ ದೂರವಿರಬೇಕು.

ಮಕ್ಕಳು ಇಂಥ ಆಸೆಯನ್ನು ಮುಂದಿಟ್ಟಾಗ ‘ಬೇಡ’ ಎಂದು ಬಾಯಿ ಮುಚ್ಚಿಸುವುದು ಸುಲಭ. ‘ಮೊದಲು ಅಳತೆ ತೆಗೆದು ಬಾ, ಖರ್ಚಿನ ಪಟ್ಟಿ ಬರೆದು ತೋರಿಸು’ ಎನ್ನುವುದು ಅದಕ್ಕಿಂತ ಒಳ್ಳೆಯ ಉತ್ತರ. ಐಟಿಐ, ಪಾಲಿಟೆಕ್ನಿಕ್ ವಿದ್ಯಾರ್ಥಿಗೆ ಇದು ಪುಸ್ತಕದ ಹೊರಗಿನ ಪರೀಕ್ಷೆ. ಪಟ್ಟಿ ಬರೆದ ಮೇಲೆ ತಾನೇ ಬೇಡವೆಂದು ಹಿಂದೆ ಸರಿದರೆ ಆ ವಿದ್ಯಾರ್ಥಿ ಫೇಲಾದಂತಲ್ಲ. ಮುಂದುವರಿದವರು ಒಂದು ಮಾತು ಮರೆಯಬಾರದು. ರಿಪೇರಿಯಾದ ಕಾರಿನ ಪಕ್ಕದ ಸೀಟಿನಲ್ಲಿ ನಾಳೆ ತಂಗಿಯೋ ಗೆಳೆಯನೋ ಕುಳಿತಿರುತ್ತಾರೆ. ಬಣ್ಣದ ಕೆಳಗೆ ಏನಿದೆಯೆಂದು ಅವರಿಗೆ ಕಾಣುವುದಿಲ್ಲ. ಮಾಡಿದವರಿಗೆ ಮಾತ್ರ ಅದು ಗೊತ್ತಿರುತ್ತದೆ.