ಸಂಧಿವಾತದ ಮಾತ್ರೆ, ಸೋಂಕಿನ ಮಾತ್ರೆ

ಅಜ್ಜಿಗೆ ರುಮಟಾಯ್ಡ್ ಸಂಧಿವಾತ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳತೊಡಗಿದ ಮೇಲೆ ಬೆರಳ ಗಂಟುಗಳ ಊತ ಇಳಿದಿದೆ. ಈಗ ಉರಿಮೂತ್ರ ಶುರುವಾಗಿದೆ. ಹಿಂದೊಮ್ಮೆ ತಂದು ಉಳಿದ ಕೋ-ಟ್ರೈಮಾಕ್ಸಜೋಲ್ ಎಂಬ ಆಂಟಿಬಯಾಟಿಕ್ ಮನೆಯಲ್ಲೇ ಇದೆ. ಕೊಡಬಹುದೇ?

ಖಂಡಿತ ಕೂಡದು. ಸೊಪ್ಪು, ಕಾಳುಗಳಲ್ಲಿರುವ ಫೋಲೇಟ್ ಎಂಬ 'ಬಿ' ಜೀವಸತ್ವವಿಲ್ಲದೆ ದೇಹದಲ್ಲಿ ಹೊಸ ಜೀವಕೋಶಗಳು ಹುಟ್ಟಲಾರವು. ಅದನ್ನು ಬಳಕೆಗೆ ಸಿದ್ಧಗೊಳಿಸುವ ಕಿಣ್ವವೊಂದಿದೆ. ಮೆಥೊಟ್ರೆಕ್ಸೇಟ್ ತಡೆಯುವುದು ಈ ಕಿಣ್ವವನ್ನೇ. ಕೋ-ಟ್ರೈಮಾಕ್ಸಜೋಲ್‌ನಲ್ಲಿರುವ ಟ್ರೈಮೆಥೊಪ್ರಿಮ್ ಬ್ಯಾಕ್ಟೀರಿಯಾಗಳ ಅದೇ ಬಗೆಯ ಕಿಣ್ವವನ್ನು ಕಟ್ಟಿಹಾಕುತ್ತದೆ. ಮನುಷ್ಯರ ಕಿಣ್ವಕ್ಕೂ ತುಸು ಅಡ್ಡಿಯಾಗುತ್ತದೆ. ಸಾಲದ್ದಕ್ಕೆ, ಮೂತ್ರಪಿಂಡಗಳು ಮೆಥೊಟ್ರೆಕ್ಸೇಟನ್ನು ಹೊರಹಾಕುವ ಕೆಲಸವನ್ನೂ ಈ ಆಂಟಿಬಯಾಟಿಕ್ ನಿಧಾನಗೊಳಿಸುತ್ತದೆ.

ಪೆಟ್ಟು ಬೀಳುವುದು ರಕ್ತಕಣಗಳು ಹುಟ್ಟುವ ಅಸ್ಥಿಮಜ್ಜೆಗೆ. ಬಿಳಿ ರಕ್ತಕಣ ಕಡಿಮೆಯಾದರೆ ಸೋಂಕು, ಪ್ಲೇಟ್‌ಲೆಟ್ ಕಡಿಮೆಯಾದರೆ ರಕ್ತಸ್ರಾವ. ಪ್ರಾಣಕ್ಕೇ ಸಂಚಕಾರ ಬಂದೀತು. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಬಾಯಿಹುಣ್ಣು, ಜ್ವರ, ಗಂಟಲುನೋವು ಬಂದರೆ ಅಥವಾ ಮೈಮೇಲೆ ನೀಲಿಗಟ್ಟಿದ ಕಲೆಗಳು ಕಂಡರೆ ಅಂದೇ ವೈದ್ಯರಿಗೆ ತೋರಿಸಬೇಕು.

ಉರಿಮೂತ್ರಕ್ಕೆ ಬೇರೆ ಆಂಟಿಬಯಾಟಿಕ್‌ಗಳೂ ಉಂಟು. ಯಾವುದು ಸರಿ ಎಂದು ವೈದ್ಯರೇ ಆರಿಸಬೇಕು. ಆದರೆ ಕೀಲುನೋವಿಗೆ ಒಬ್ಬ ವೈದ್ಯರು, ಸೋಂಕಿಗೆ ಮತ್ತೊಬ್ಬರು. ಒಬ್ಬರು ಬರೆದ ಚೀಟಿ ಇನ್ನೊಬ್ಬರಿಗೆ ತಿಳಿಯುವುದು ಹೇಗೆ? ಇಲ್ಲಿ ಮನೆಯ ವಿದ್ಯಾರ್ಥಿಗಳು ನೆರವಾಗಬಹುದು. ಅಜ್ಜಿಯ ಎಲ್ಲ ಮಾತ್ರೆಗಳ ಹೊದಿಕೆ ನೋಡಿ, ದೊಡ್ಡಕ್ಷರದ ವ್ಯಾಪಾರಿ ಹೆಸರಿನ ಜೊತೆಗೆ ಒಳಗಿರುವ ಔಷಧದ ಹೆಸರನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ವಾರಕ್ಕೊಮ್ಮೆಯ ಮಾತ್ರೆ ಯಾವ ದಿನದ್ದೆಂದೂ ಕಾಣಿಸಿ. ಯಾವ ವೈದ್ಯರಲ್ಲಿಗೆ ಹೋದರೂ ಅಜ್ಜಿಯ ಕೈಚೀಲದಲ್ಲಿ ಆ ಹಾಳೆ ಇರಲಿ.