ದೊಡ್ಡಣ್ಣನ ಮನೆಯ ಅಳುಕು

ಗದಗಿಗೆ ಸಮೀಪದ ಮಲ್ಲಸಮುದ್ರದ ರೈತನೊಬ್ಬನು ಬ್ರಿಟಿಷರ ಕಾಲದಲ್ಲಿ ಬಂಡಿ ಹೂಡಿಕೊಂಡು ಶಿರಹಟ್ಟಿಗೆ ಹೊರಟನೆಂದರೆ, ಮುಂಬಯಿ ಪ್ರಾಂತವನ್ನು ಬಿಟ್ಟು ಸಾಂಗಲಿ ಸಂಸ್ಥಾನವನ್ನು ಹೊಕ್ಕಂತಾಗುತ್ತಿತ್ತು. ಲಕ್ಷ್ಮೇಶ್ವರವು ಮೀರಜಿನವರದು, ಮೂಡಲಿಗೆ ಕೊಪ್ಪಳದ ಕಡೆ ತಿರುಗಿದರೆ ನಿಜಾಮರ ಸೀಮೆ. ನೆಲ ಅದೇ ಎರೆ, ಮಾತು ಅದೇ ಕನ್ನಡ, ಉಣ್ಣುವ ರೊಟ್ಟಿಯೂ ಅದೇ. ಕಂದಾಯ ಮಾತ್ರ ಬೇರೆ ಬೇರೆ ಬೊಕ್ಕಸಗಳಿಗೆ.

ಇಂತಹ ಸೀಮೆಯವರಿಗೆ ಏಕೀಕರಣವು ಹಸಿದವನಿಗೆ ಅನ್ನವಿದ್ದಂತೆ ಇದ್ದುದರಲ್ಲಿ ಆಶ್ಚರ್ಯವೇನು? 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಿದ ನಾಡಗೀತವನ್ನು ರಚಿಸಿದವರು ಗದಗಿನ ಹುಯಿಲಗೋಳ ನಾರಾಯಣರಾಯರು. 1947ರಲ್ಲಿ ಮುಂಬಯಿ ವಿಧಾನಸಭೆಯಲ್ಲಿ ಏಕೀಕರಣದ ಠರಾವನ್ನು ಮಂಡಿಸಿದವರು ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸವನ್ನೇ ಕೈಗೊಂಡರು.

ಆದರೆ ಅಳುಕು ಹುಟ್ಟಿದ್ದು ದೊಡ್ಡಣ್ಣನ ಮನೆಯಲ್ಲಿ. ಕನ್ನಡ ಸೀಮೆಗಳಲ್ಲೆಲ್ಲ ಮುಂದುವರಿದ ರಾಜ್ಯವೆಂದರೆ ಮೈಸೂರು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಬಂದಿತ್ತು, ವಿಶ್ವವಿದ್ಯಾನಿಲಯವು 1916ರಲ್ಲಿ. ಕನ್ನಂಬಾಡಿಯ ಕಟ್ಟೆಯೂ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೂ ಇದ್ದವು. ಇಷ್ಟೆಲ್ಲ ಕೂಡಿಟ್ಟ ಮನೆಗೆ ಏನೂ ಇಲ್ಲದ ತಮ್ಮಂದಿರು ಬಂದು ಸೇರಿದರೆ ಗತಿಯೇನು? ನಮ್ಮ ತೆರಿಗೆಯ ಹಣ ತುಂಗಭದ್ರೆಯಾಚೆ ಹರಿದುಹೋದೀತೆಂಬುದು ಬಾಯಿಬಿಟ್ಟು ಹೇಳಿದ ಮಾತು. ಶಾಸನಸಭೆಯಲ್ಲಿ ಯಾವ ಜಾತಿಯ ಕೈ ಮೇಲಾದೀತೆಂಬುದು ಪಿಸುಮಾತಿನಲ್ಲಿ ಆಡಿದ್ದು. ಕನ್ನಡಕ್ಕೆ ಎರಡು ರಾಜ್ಯಗಳೇ ಇರಲಿ ಎಂದವರೂ ಉಂಟು. ಇವರನ್ನು ನಾಡದ್ರೋಹಿಗಳೆಂದು ಜರೆಯುವುದು ಸುಲಭ, ನ್ಯಾಯವಲ್ಲ. ಖರ್ಚಿನ ಲೆಕ್ಕ ಸುಳ್ಳಾಗಿರಲಿಲ್ಲ. ಕೂಡು ಕುಟುಂಬದಲ್ಲಿ ಬಾಳಿದ ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಹಿರಿಮೆ ಇರುವುದು ಇಲ್ಲಿ. ತಮ್ಮ ಪ್ರಾಂತದ, ತಮ್ಮ ಸಮುದಾಯದ ಅನೇಕರಿಗೆ ಒಲ್ಲದ ಪಕ್ಷವನ್ನು ಅವರು ಹಿಡಿದರು. ಫಜಲ್ ಅಲಿ, ಕುಂಜ್ರು, ಪಣಿಕ್ಕರರ ಆಯೋಗವು 1955ರಲ್ಲಿ ಮೈಸೂರನ್ನು ಕೂಡಿಸಿಯೇ ಕರ್ನಾಟಕವಾಗಲೆಂದು ಶಿಫಾರಸು ಮಾಡಿತು. ಯಾವ ಒಂದು ಸಮುದಾಯವೂ ಅಲ್ಲಿ ಪ್ರಬಲವಾಗಲಾರದೆಂದೂ ಹೇಳಿತು. 1956ರ ಆಗಸ್ಟಿನಲ್ಲಿ ಹನುಮಂತಯ್ಯನವರು ಪದವಿಯಿಂದ ಇಳಿಯಬೇಕಾಯಿತು. ನವೆಂಬರ್ 1ರಂದು ಹೊಸ ರಾಜ್ಯ ಉದಯಿಸಿದಾಗ ಮುಖ್ಯಮಂತ್ರಿಯಾದವರು ನಿಜಲಿಂಗಪ್ಪನವರು.

ಮರುವರ್ಷವೇ, 1957ರಲ್ಲಿ, ರೋಮ್ ನಗರದಲ್ಲಿ ಯುರೋಪಿನ ಆರು ದೇಶಗಳು ಆರ್ಥಿಕ ಕೂಟವನ್ನು ಕಟ್ಟಿಕೊಂಡವು. ಇಂದು ಆ ಒಕ್ಕೂಟದ ಬೊಕ್ಕಸಕ್ಕೆ ಎಲ್ಲರಿಗಿಂತ ಹೆಚ್ಚು ಕೊಡುವುದು ಜರ್ಮನಿ. 2010ರಲ್ಲಿ ಗ್ರೀಸಿಗೆ ಸಾಲ ಕೊಡುವ ಹೊತ್ತು ಬಂದಾಗ ಅಲ್ಲಿಯ ಜನ ಗೊಣಗಿದ್ದು ಹಳೆಯ ಮೈಸೂರಿನವರ ಮಾತನ್ನೇ. ದೊಡ್ಡಣ್ಣಂದಿರು ಎಲ್ಲೆಲ್ಲಿಯೂ ಒಂದೇ.

ದೊಡ್ಡಣ್ಣನು ಬರಿಗೈಯಲ್ಲೇನೂ ಬರಲಿಲ್ಲ. ರಾಜಧಾನಿ ಬೆಂಗಳೂರಿನಲ್ಲಿಯೇ ಉಳಿಯಿತು. ಹೆಸರೂ ಅವನದೇ. ಕರ್ನಾಟಕಕ್ಕಾಗಿ ದುಡಿದ ಗದಗಿನವರು ಹದಿನೇಳು ವರ್ಷ ಮೈಸೂರು ರಾಜ್ಯದವರೆನಿಸಿಕೊಂಡರು. ದೇವರಾಜ ಅರಸರ ಕಾಲದಲ್ಲಿ, 1973ರ ನವೆಂಬರ್ 1ರಂದು, ಕರ್ನಾಟಕವೆಂಬ ಹೆಸರು ಬಂದಿತು. ಹಣದ ಮಾತಂತೂ ತಿರುವುಮುರುವಾಯಿತು. ಉತ್ತರಕ್ಕೆ ಹರಿದುಹೋದೀತೆಂದು ದಕ್ಷಿಣದವರು ಅಂಜಿದ್ದರು. ಹರಿಯಲೇ ಇಲ್ಲವೆಂದು ಉತ್ತರದವರು ದೂರತೊಡಗಿದರು. 2002ರಲ್ಲಿ ನಂಜುಂಡಪ್ಪ ಸಮಿತಿಯು 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಎಣಿಸಿತು. ದಕ್ಷಿಣದ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವೆಂಬುದನ್ನು ಮಾತ್ರ ಎರಡು ಕಡೆಯವರೂ ಮರೆಯುತ್ತಾರೆ.

ಮಲ್ಲಸಮುದ್ರದ ರೈತನ ಹೊಲದ ವ್ಯಾಜ್ಯವು ಹೈಕೋರ್ಟಿನವರೆಗೆ ಹೋದರೆ, 1956ಕ್ಕೆ ಮುಂಚೆ ಅದರ ತೀರ್ಪು ಮುಂಬಯಿಯಲ್ಲಿ. ಅನಂತರ ಬೆಂಗಳೂರಿನಲ್ಲಿ, ಹಾದಿ ಕಡಿಮೆಯಾಯಿತೆಂಬುದು ನಿಜ, ಆದರೂ ರೊಟ್ಟಿಯ ಗಂಟು ಕಟ್ಟಿಕೊಂಡು ರಾತ್ರಿಯೆಲ್ಲ ಪಯಣಿಸುವುದು ತಪ್ಪಲಿಲ್ಲ. ಧಾರವಾಡದಲ್ಲಿ ಹೈಕೋರ್ಟಿನ ಪೀಠವು ಕೆಲಸವನ್ನು ಆರಂಭಿಸಿದ್ದು 2008ರ ಜುಲೈ ತಿಂಗಳಿನಲ್ಲಿ.