ರಸ್ತೆ ಯಾರದು?



ಟೋಕಿಯೋ ನಗರದ ಶಿಬುಯಾ ರೈಲು ನಿಲ್ದಾಣದ ಮುಂದೆ, ಹಾಚಿಕೋ ಎಂಬ ನಾಯಿಯ ಪ್ರತಿಮೆಯ ಬಳಿ, ನಾವು ಒಂದು ಸಂಜೆ ಬಹಳ ಹೊತ್ತು ನಿಂತಿದ್ದೆವು. ಎದುರಿಗೆ ಲೋಕಪ್ರಸಿದ್ಧವಾದ ಕೂಡುರಸ್ತೆ. ಕೆಂಪು ದೀಪ ಹತ್ತುತ್ತಲೇ ಎಲ್ಲ ದಿಕ್ಕಿನ ವಾಹನಗಳೂ ಒಟ್ಟಿಗೆ ನಿಲ್ಲುತ್ತವೆ. ಸಾಮಾನಿನ ಲಾರಿಯೂ ನಿಲ್ಲುತ್ತದೆ, ಧನಿಕನ ಕಾರೂ ನಿಲ್ಲುತ್ತದೆ. ಆಗ ಜನ ರಸ್ತೆಗಿಳಿಯುತ್ತಾರೆ. ನೇರವಾಗಿಯೂ ಮೂಲೆಯಿಂದ ಮೂಲೆಗೂ ದಾಟುತ್ತಾರೆ. ದಟ್ಟಣೆಯ ವೇಳೆ ಒಂದೇ ಸಲಕ್ಕೆ 3,000 ಜನರವರೆಗೆ ದಾಟುತ್ತಾರೆಂದು ಅಂದಾಜು. ಮುದುಕಿಯೊಬ್ಬಳು ಕೈಚೀಲ ಹಿಡಿದು ನಿಧಾನವಾಗಿ ನಡೆದು ಹೋದಳು. ಯಾರೂ ಹಾರನ್ ಒತ್ತಲಿಲ್ಲ.

ನಮಗೆ ನಮ್ಮ ಊರಿನ ಗಿರಣಿಯ ಬಾಗಿಲು ನೆನಪಾಯಿತು. ಪಾಳಿ ಬಿಟ್ಟಾಗ ಬುತ್ತಿಯ ಡಬ್ಬಿಯನ್ನು ಎದೆಗವಚಿಕೊಂಡು ಲಾರಿಗಳ ನಡುವೆ ಓಡುವ ನಮ್ಮ ಅಕ್ಕತಂಗಿಯರು ನೆನಪಾದರು.

ಇದನ್ನೆತ್ತಿದರೆ ದೊಡ್ಡ ಮನುಷ್ಯರ ಉತ್ತರ ಸಿದ್ಧವಾಗಿದೆ: "ಜಪಾನಿಗಳು ಶಿಸ್ತಿನ ಜನ, ನಮ್ಮವರಿಗೆ ಶಿಸ್ತಿಲ್ಲ." ಇದು ನುಣುಚಿಕೊಳ್ಳುವ ಮಾತು. 1970ರಲ್ಲಿ ಅದೇ ಜಪಾನಿನ ರಸ್ತೆಗಳಲ್ಲಿ 16,765 ಜನ ಸತ್ತರು. ಆ ಕಾಲವನ್ನು ಅಲ್ಲಿನವರು 'ಸಂಚಾರ ಯುದ್ಧ'ವೆಂದೇ ಕರೆದರು. ಆಗ ಅವರ ಶಿಸ್ತು ಎಲ್ಲಿ ಹೋಗಿತ್ತು? ಆ ವರ್ಷವೇ ಸಂಚಾರ ಸುರಕ್ಷತೆಗೆ ಕಾನೂನಾಯಿತು. ಕಾಲುದಾರಿಗೆ, ದೀಪಗಳಿಗೆ ಸರ್ಕಾರ ಹಣ ಹಾಕಿತು. ಶಿಬುಯಾದ ಈ ದಾಟು ಬಂದದ್ದು 1973ರಲ್ಲಿ. 2022ರಲ್ಲಿ ಅಲ್ಲಿನ ಲೆಕ್ಕದಲ್ಲಿ ಸತ್ತವರು 2,610. ಅದೇ ವರ್ಷ ನಮ್ಮ ದೇಶದಲ್ಲಿ 1,68,491. ಐವರಲ್ಲಿ ಹೆಚ್ಚುಕಡಿಮೆ ಒಬ್ಬರು ನಡೆದು ಹೋಗುತ್ತಿದ್ದವರು. ನಮ್ಮ ಜನಸಂಖ್ಯೆ ಅವರ ಹನ್ನೊಂದು ಪಟ್ಟು, ನಮ್ಮ ಸಾವು ಐವತ್ತು ಪಟ್ಟಿಗೂ ಮಿಕ್ಕು!

ಶಿಬುಯಾ ಸ್ವರ್ಗವೆಂದು ನಾವು ಹೇಳುತ್ತಿಲ್ಲ. ಅಲ್ಲೇ ಹತ್ತಿರದ ಮಿಯಾಶಿತಾ ಉದ್ಯಾನದಲ್ಲಿ ಮಲಗುತ್ತಿದ್ದ ಮನೆಯಿಲ್ಲದವರನ್ನು 2010ರಲ್ಲಿ ಹೊರಹಾಕಿದರು. 2020ರಲ್ಲಿ ಆ ನೆಲದ ಮೇಲೆ ಅಂಗಡಿಗಳ ಮಾಳಿಗೆ ಎದ್ದಿತು. ಉದ್ಯಾನ ಅದರ ತಾರಸಿ ಏರಿತು. ನಡೆಯುವವನಿಗೆ ದಾರಿ ಬಿಟ್ಟ ಆಡಳಿತ ಮಲಗುವವನಿಗೆ ಜಾಗ ಬಿಡಲಿಲ್ಲ. ಆಳುವವರು ಯಾರ ಪರ ನಿಲ್ಲುತ್ತಾರೋ ನೆಲ ಅವರದಾಗುತ್ತದೆ. ನಮ್ಮ ಊರಿನಲ್ಲಿ ಅವರು ಯಾರ ಪರ ನಿಂತಿದ್ದಾರೆಂಬುದನ್ನು ನಾವು ಬಿಡಿಸಿ ಹೇಳಬೇಕೆ?

ವರ್ತಕ ಬಂಧುಗಳಿಗೆ ಒಂದು ಮಾತು. ಜನ ನಡೆಯುವ ಜಾಗ ಹೆಚ್ಚಿದರೆ ವ್ಯಾಪಾರ ಕೆಡುವುದೆಂದು ಹೆದರಬೇಡಿ. ಶಿಬುಯಾದ ಅಂಗಡಿಗಳು ಬದುಕಿರುವುದೇ ಆ ಕಾಲುಗಳಿಂದ. ನಡೆಯುವವನು ನಿಮ್ಮ ಗಿರಾಕಿ. ಕಾರಿನಲ್ಲಿ ಓಡುವವನು ನಿಮ್ಮ ಬೋರ್ಡನ್ನೂ ಓದಲಾರ. ಆದರೆ ಕಾಲುದಾರಿಯ ನೆಪದಲ್ಲಿ ತಳ್ಳುಗಾಡಿಯವರನ್ನು ಎಬ್ಬಿಸುವುದಕ್ಕೆ ನಾವು ಒಪ್ಪುವುದಿಲ್ಲ. ಜಾಗ ಬಿಡಬೇಕಾದುದು ನಿಂತ ಕಾರುಗಳು.

ನಮ್ಮ ಬೇಡಿಕೆ ಸಣ್ಣದು. ಗಿರಣಿಯ ಬಾಗಿಲಲ್ಲಿ ದೀಪ ಬೇಕು. ಪಾಳಿ ಬಿಡುವ ಹೊತ್ತಿಗೆ ಎಲ್ಲ ವಾಹನಗಳೂ ನಿಲ್ಲಬೇಕು. ಪೇಟೆಯ ರಸ್ತೆಗೆ ಕಾಲುದಾರಿ ಬೇಕು. ಇದು ಭಿಕ್ಷೆಯಲ್ಲ, ಹಕ್ಕು. ಪುರಸಭೆಯ ಬಾಗಿಲಿಗೆ ಎಲ್ಲರೂ ಸೇರಿ ಹೋಗಿ ಕೇಳೋಣ. ನಡೆದುಕೊಂಡೇ ಹೋಗೋಣ, ರಸ್ತೆಯ ನಡುವೆ.